ಪೆನ್ಶನ್ ಸೆಲ್ಲು

"ಹಾಳಾದ್ದು, ಆಗ್ಲೇ ಮಂಕಾಗ್ತಿದೆ," ಎಂದು ಪೀಪಿ ಮಂಚದ ಕೆಳಗೆ ಮಲಗಿಕೊಂಡೇ ಗೊಣಗಿದಳು.

ಮಂಚದ ಸುತ್ತ ಹೊದಿಕೆ ಇಳಿಬಿಟ್ಟು ಅವಳು ಒಳಗೆ ಕತ್ತಲೆ ಮಾಡಿಕೊಂಡಿದ್ದಳು. ಮುಂದೆ ಟಾರ್ಚು ನಿಂತಿತ್ತು. ಅಂಗೈ ಉದ್ದದ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟಾರ್ಚು. ಹಾಗೇ ಹಚ್ಚಿದರೆ ಎದುರಿನ ಗೋಡೆಗೆ ದುಂಡಗೆ ಬೆಳಕು ಬೀಳುತ್ತದೆ. ಕತ್ತು ಹಿಡಿದು ಮೇಲಕ್ಕೆ ಎಳೆದರೆ ಒಳಗಿನ ಬಿಳಿ ಕೊಳವೆ ಹೊರಬಂದು ಲಾಟೀನಾಗುತ್ತದೆ. ಆಗ ಸುತ್ತಲೂ ಬೆಳಕು. ಕ್ಯಾಂಪಿಗೂ ಆಯಿತು, ಕರೆಂಟು ಹೋದಾಗಲೂ ಆಯಿತು. ಇಷ್ಟಕ್ಕೆಲ್ಲ ಒಂದೇ ಒಂದು ಸಣ್ಣ ಸೆಲ್ಲು ಸಾಕು. ಆ ಸೆಲ್ಲೇ ಈಗ ಕೈಕೊಡುತ್ತಿತ್ತು.

ಪೀಪಿ ಅನ್ನುವುದು ಶಾಲೆಯ ಹೆಸರಲ್ಲ. ಹುಟ್ಟಿದಾಗ ಅವಳು ಅತ್ತ ಸದ್ದು ಕೇಳಿ ಅಪ್ಪ ಇಟ್ಟದ್ದು. ಅಪ್ಪನಿಗೆ ಟಾರ್ಚ್ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಕೆಲಸವಿತ್ತು. ಸಾಲಾಗಿ ಬರುವ ಟಾರ್ಚುಗಳನ್ನು ಒಂದೊಂದಾಗಿ ಎತ್ತಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಹಚ್ಚಬೇಕು, ಕತ್ತು ಎಳೆದು ಮತ್ತೆ ಹಚ್ಚಬೇಕು. ಸರಿಯಿದ್ದರೆ ಬಲಗಡೆ, ಇಲ್ಲದಿದ್ದರೆ ಎಡಗಡೆ. ಆ ಫ್ಯಾಕ್ಟರಿ ಮುಚ್ಚಿಹೋಯಿತು. ಕೊನೆಯ ದಿನ ಎಲ್ಲರಿಗೂ ಒಂದೊಂದು ಟಾರ್ಚು ಕೊಟ್ಟು ಮನೆಗೆ ಕಳಿಸಿದರು. ಇದು ಅದೇ ಟಾರ್ಚು.

ಅಂದಿನಿಂದ ಅಪ್ಪನ ಮಾತು ಕಡಿಮೆಯಾಯಿತು. ರಾತ್ರಿಯೆಲ್ಲ ಮಗ್ಗುಲು ಬದಲಾಯಿಸುತ್ತಿದ್ದ. ಬೆಳಗಿನ ಜಾವಕ್ಕೆ ಒಮ್ಮೆ ಕಣ್ಣು ಹತ್ತಿತೆಂದರೆ ಮುಗಿಯಿತು, ಎಬ್ಬಿಸುವುದೇ ಕಷ್ಟ. ಅಮ್ಮನಿಗೆ ಬೇಕರಿಯಲ್ಲಿ ಕೆಲಸ. ಇನ್ನೂ ಕತ್ತಲಿರುವಾಗಲೇ, ಮನೆಗಿದ್ದ ಒಂದೇ ಫೋನನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟುಬಿಡುತ್ತಿದ್ದಳು.

ಶಾಲೆಯಲ್ಲಿ ಟಾರ್ಚುಗಳಿಗೆ ಪರೀಕ್ಷೆ ಇಟ್ಟವರು ಪಿ.ಟಿ. ಮೇಷ್ಟ್ರು. ಹೋದ ವರ್ಷದ ಶಾಲೆಯ ಕ್ಯಾಂಪಿನಲ್ಲಿ ರಾತ್ರಿ ನಡೆಯುವಾಗ ಅವರ ಟಾರ್ಚು ನಡುದಾರಿಯಲ್ಲಿ ಆರಿಹೋಗಿ, ಪಾಪ, ಅವರೇ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಿದ್ದರು. ಅದಕ್ಕೇ ಈ ಸಲ ಮಕ್ಕಳೆಲ್ಲ ಮನೆಯಿಂದ ಟಾರ್ಚು ತರಬೇಕು, ಗೆದ್ದ ಟಾರ್ಚನ್ನು ಎಲ್ಲರಿಗಿಂತ ಮುಂದೆ ನಡೆಯುವವರು ಹಿಡಿಯಬೇಕು ಎಂದು ಅವರ ಆರ್ಡರ್. ಎತ್ತರದಿಂದ ಬೀಳಿಸಿದ್ದಾಯಿತು, ಬಕೆಟ್ ನೀರಿನಲ್ಲಿ ಅದ್ದಿದ್ದಾಯಿತು. ಪೀಪಿಯ ಟಾರ್ಚು ಎರಡರಲ್ಲೂ ಪಾಸು. ನಾಳೆ ಕೊನೆಯ ಪರೀಕ್ಷೆ. ಆಟದ ಸಾಮಾನಿನ ಕತ್ತಲೆ ಕೋಣೆಯಲ್ಲಿ ಪ್ರಾರ್ಥನೆಯ ಬೆಲ್ಲಿನಿಂದ ಮನೆಗೆ ಬಿಡುವ ಬೆಲ್ಲಿನವರೆಗೂ ಉರಿಯಬೇಕು.

ಕ್ಲಾಸಿನಲ್ಲಿ ಎಲ್ಲದಕ್ಕೂ ವಾದ ಹೂಡುವ ಹುಡುಗನೊಬ್ಬನಿದ್ದ. ಅವನಿಗೆ ಎಲ್ಲರೂ ಲಾಯರ್ ಅನ್ನುತ್ತಿದ್ದರು. ಅವನು ಪೀಪಿಯ ಟಾರ್ಚು ನೋಡಿ ಮೂಗು ಮುರಿದಿದ್ದ.

"ಇದು ಚೀಪ್ ಟಾರ್ಚ್ ಕಣೇ. ಊಟದ ಬೆಲ್ ಹೊಡೆಯೋಷ್ಟ್ರಲ್ಲಿ ಡಮಾರ್. ಅದಕ್ಕೇ ನಿಮ್ಮಪ್ಪನ ಫ್ಯಾಕ್ಟರಿ ಮುಚ್ಚಿದ್ದು."

ಚೀಪ್ ಅಂದದ್ದನ್ನು ಪೀಪಿ ಹೇಗೋ ಸಹಿಸಿಕೊಂಡಿದ್ದಳು. ಫ್ಯಾಕ್ಟರಿಯ ಮಾತು ಮಾತ್ರ ಎದೆಗೆ ಚುಚ್ಚಿತ್ತು. ಹಾಗಾದರೆ ಅಪ್ಪ ಸರಿಯಾಗಿ ಚೆಕ್ ಮಾಡಲಿಲ್ಲ ಅಂತಲೇ? ಆ ಹಟಕ್ಕೇ ಅವಳು ದಿನಾ ಸಂಜೆ ಮಂಚದ ಕೆಳಗೆ ಟಾರ್ಚು ಹಚ್ಚಿಟ್ಟು ಪ್ರಾಕ್ಟೀಸ್ ಮಾಡಿಸುತ್ತಿದ್ದಳು. ಟಾರ್ಚಿಗೆಂಥ ಪ್ರಾಕ್ಟೀಸು! ಸೆಲ್ಲು ಸೊರಗಿತು, ಅಷ್ಟೇ.

ಹೊಸ ಸೆಲ್ಲು ಕೇಳೋಣವೆಂದರೆ, ಈಗೀಗ ಮನೆಯಲ್ಲಿ ಏನು ಕೇಳಬೇಕಾದರೂ ಅವಳು ಹಿಂಜರಿಯುತ್ತಿದ್ದಳು.

"ಪೀಪೀ, ಬಾ ಇಲ್ಲಿ. ಇದನ್ನ ಕೇಳು," ಎಂದು ಅಪ್ಪ ಕರೆದ.

ಅವಳು ತೆವಳಿಕೊಂಡು ಹೊರಗೆ ಬಂದಳು. ಅಪ್ಪ ಮೇಜಿನ ಮೇಲೆ ಬಿಳಿ ಶರ್ಟು ಹಾಸಿ ಇಸ್ತ್ರಿ ಮಾಡುತ್ತಿದ್ದ. ಪಕ್ಕದಲ್ಲಿ ಅಲಾರಂ ಗಡಿಯಾರ ಕಿರ್ರೋ ಎಂದು ಹೊಡೆದುಕೊಳ್ಳುತ್ತಿತ್ತು.

"ನಿನಗಿಂತ ಜೋರಾಗಿ ಅಳುತ್ತೆ, ಅಲ್ವಾ?" ಎಂದು ಅಪ್ಪ ನಕ್ಕ.

ಅಪ್ಪ ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಫ್ಯಾನ್ ಫ್ಯಾಕ್ಟರಿಯಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಅಲ್ಲಿಯೂ ಚೆಕ್ಕಿಂಗ್ ಕೆಲಸವೇ. ಒಬ್ಬರೇ ಬೇಕಂತೆ. ನಾಳೆ ಬೆಳಕು ಹರಿಯುವಾಗ ಹೊರಡುವ ಮೊದಲ ಬಸ್ಸು ಹಿಡಿದರೆ ಮಾತ್ರ ಸಮಯಕ್ಕೆ ಮುಟ್ಟಬಹುದು. ಅದಕ್ಕೆಂದೇ ಅಮ್ಮ ಬರುವಾಗ ಗಡಿಯಾರಕ್ಕೆ ಹೊಸ ಸೆಲ್ಲು ತಂದಿದ್ದಳು. ಅಪ್ಪ ಅದನ್ನು ಹಾಕಿ, ಅಲಾರಂ ಹೊಡೆಸಿ, ನಿಲ್ಲಿಸಿ, ಮತ್ತೆ ಹೊಡೆಸಿ ನೋಡಿದ. ಆಮೇಲೆ ಬೆಳಗಿನ ಹೊತ್ತಿಗೆ ಅಲಾರಂ ಮುಳ್ಳು ತಿರುಗಿಸಿ, ಅದು ಹೊಡೆಯುವಂತೆ ಗುಂಡಿ ಎತ್ತಿ, ಶೆಲ್ಫಿನಲ್ಲಿಟ್ಟು, ಶಿಳ್ಳೆ ಹಾಕಿಕೊಂಡು ಕೂದಲು ಕತ್ತರಿಸಿಕೊಳ್ಳಲು ಹೋದ.

ಪೀಪಿ ಗಡಿಯಾರವನ್ನೇ ನೋಡುತ್ತ ನಿಂತಳು.

ಅವರ ಮನೆಯಲ್ಲಿ ಸೆಲ್ಲುಗಳಿಗೆ ಒಂದು ಪದ್ಧತಿಯಿತ್ತು. ಟಾರ್ಚಿನಲ್ಲಿ ದುಡಿದು ಸುಸ್ತಾದ ಸೆಲ್ಲನ್ನು ಬಿಸಾಡುವಂತಿಲ್ಲ. ಅದು ಗೋಡೆ ಗಡಿಯಾರಕ್ಕೆ ಹೋಗಬೇಕು. ಗಡಿಯಾರಕ್ಕೆ ಬೇಕಾದ್ದು ಗುಟುಕು ಜೀವ, ಅಷ್ಟರಲ್ಲೇ ತಿಂಗಳುಗಟ್ಟಲೆ ಓಡುತ್ತದೆ ಎಂದು ಅಪ್ಪನೇ ಹೇಳಿಕೊಟ್ಟಿದ್ದ. "ಸೆಲ್ಲಿಗೆ ಪೆನ್ಶನ್ ಕೊಟ್ಟೆ," ಎಂದು ಪ್ರತಿ ಸಲವೂ ತಮಾಷೆ ಮಾಡುತ್ತಿದ್ದ.

ಗೋಡೆ ಗಡಿಯಾರವಾದರೇನು, ಅಲಾರಂ ಗಡಿಯಾರವಾದರೇನು, ಗಡಿಯಾರ ಗಡಿಯಾರವೇ ತಾನೆ? ಪೀಪಿಗೆ ಹಾಗನಿಸಿತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಪೀಪಿ ಗಡಿಯಾರದ ಬೆನ್ನು ತೆರೆದು ಹೊಸ ಸೆಲ್ಲನ್ನು ತೆಗೆದಳು. ಟಾರ್ಚಿನ ಸೊರಗಿದ ಸೆಲ್ಲನ್ನು ಅಲ್ಲಿ ಕೂರಿಸಿದಳು. ಕಿವಿಗೆ ಹಿಡಿದು ಕೇಳಿದಳು. ಟಿಕ್ ಟಿಕ್ ಟಿಕ್. ಮುಳ್ಳು ಸರಿಯಾಗಿ ಓಡುತ್ತಿತ್ತು. ನಾಳೆ ಸಂಜೆ ವಾಪಸ್ ಹಾಕಿಬಿಟ್ಟರಾಯಿತು ಎಂದುಕೊಂಡು, ಟಾರ್ಚನ್ನು ಸ್ಕೂಲ್ ಬ್ಯಾಗಿನಲ್ಲಿಟ್ಟು ನೆಮ್ಮದಿಯಾಗಿ ಊಟಕ್ಕೆ ಕೂತಳು.

ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಬಕೆಟ್ ಉರುಳಿದ ಸದ್ದಿಗೆ. ಕಿಟಕಿಯಿಂದ ಬಿಸಿಲು ಮಂಚದವರೆಗೂ ಬಂದಿತ್ತು. ಅಪ್ಪ ಒದ್ದೆ ಮುಖದಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ, ಒಂದು ಗುಂಡಿ ತಪ್ಪಿ ಶರ್ಟು ಸೊಟ್ಟಗಾಗಿತ್ತು. ಗಡಿಯಾರವನ್ನು ಎತ್ತಿ ನೋಡಿದ. ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಟೈಮೂ ಸರಿಯಾಗಿತ್ತು.

"ಯಾಕೆ ಹೊಡೀಲಿಲ್ಲ ಇದು?" ಎಂದು ತನ್ನನ್ನೇ ಕೇಳಿಕೊಂಡ. ಗಡಿಯಾರವನ್ನು ಹಾಸಿಗೆಯ ಮೇಲೆ ಎಸೆದು, ಚಪ್ಪಲಿ ಮೆಟ್ಟಿ ಓಡಿದ.

ಅರೆನಿದ್ದೆಯಲ್ಲಿ ಏನೋ ಕೇಳಿದ್ದು ಪೀಪಿಗೆ ನೆನಪಾಯಿತು. ಶೆಲ್ಫಿನ ಕಡೆಯಿಂದ ಗುಂಯ್ ಎಂಬ ಸಣ್ಣ ಸದ್ದು. ಸೊಳ್ಳೆ ಇರಬೇಕು ಎಂದುಕೊಂಡು ಅವಳು ಮಗ್ಗುಲು ಬದಲಾಯಿಸಿ ಮಲಗಿದ್ದಳು. ಸೆಲ್ಲಿಗೆ ಮುಳ್ಳು ತಿರುಗಿಸುವಷ್ಟು ಜೀವವಿತ್ತು. ಕಿರುಚುವಷ್ಟು ಇರಲಿಲ್ಲ.

ಬಾಗಿಲಿಗೆ ಓಡಿಹೋಗಿ ನೋಡಿದಳು. ಅಪ್ಪ ಆಗಲೇ ಬೀದಿಯ ತಿರುವು ದಾಟಿದ್ದ.

ಆ ದಿನ ಶಾಲೆಯಲ್ಲಿ ಪೀಪಿಯ ಟಾರ್ಚು ಬೆಳಗಿದ್ದೇ ಬೆಳಗಿದ್ದು. ಊಟದ ಬೆಲ್ಲಿಗೆ ನೋಡಿದರೆ ಆಗಲೇ ಕೆಲವು ಟಾರ್ಚುಗಳು ಕಣ್ಣು ಮುಚ್ಚಿದ್ದವು. ಲಾಯರ್ ತಂದಿದ್ದ ದೊಡ್ಡ ಕಪ್ಪು ಟಾರ್ಚು ಆಟದ ಪೀರಿಯಡ್ಡಿನಲ್ಲಿ ಮಿಟುಕಿ ಮಿಟುಕಿ ಆರಿತು. ಮನೆಗೆ ಬಿಡುವ ಬೆಲ್ಲು ಹೊಡೆದಾಗ, ಹಳೆಯ ಚೆಂಡುಗಳ ಬುಟ್ಟಿಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಲಾಟೀನು ಇನ್ನೂ ಉರಿಯುತ್ತಿತ್ತು.

ಪಿ.ಟಿ. ಮೇಷ್ಟ್ರು ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದರು. ಕ್ಯಾಂಪಿನಲ್ಲಿ ಮುಂದೆ ನಡೆಯುವವಳು ಪೀಪಿಯೇ ಎಂದರು. ಲಾಯರ್ ಕೂಡ ಹತ್ತಿರ ಬಂದು, ಪರವಾಗಿಲ್ಲ ಕಣೇ, ನಿಮ್ಮಪ್ಪ ಸರಿಯಾಗೇ ಚೆಕ್ ಮಾಡಿದಾರೆ ಎಂದು ಒಪ್ಪಿಕೊಂಡ. ಇದೊಂದು ಮಾತಿಗಾಗಿ ಅವಳು ಎಷ್ಟು ಹಾತೊರೆದಿದ್ದಳು! ಈಗ ಅದು ಕಿವಿಗೆ ಬಿದ್ದಾಗ ಅಳು ಬಂತು. ಟಾರ್ಚನ್ನು ಬ್ಯಾಗಿಗೆ ತುರುಕಿ ಯಾರ ಜೊತೆಗೂ ಮಾತಾಡದೆ ಮನೆಗೆ ನಡೆದಳು. ಅಪ್ಪನಿಗೆ ಬಸ್ಸು ಸಿಕ್ಕಿರಲಿ, ಹೇಗಾದರೂ ಸಿಕ್ಕಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಸಿಕ್ಕಿರಲಿಲ್ಲ.

ಅಪ್ಪ ಬೇರೆ ಬಸ್ಸಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಇನ್ನೊಬ್ಬರನ್ನು ತೆಗೆದುಕೊಂಡಾಗಿತ್ತು. ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಪೀಪಿ ಒಳಗೆ ಬಂದಾಗ ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ್ದ ಶರ್ಟು ಬೆವರಿಗೆ ಮುದುಡಿತ್ತು. ಗುಂಡಿ ಇನ್ನೂ ತಪ್ಪಿಯೇ ಇತ್ತು. ಅಮ್ಮ ಬಾಗಿಲಿಗೊರಗಿ ನಿಂತಿದ್ದಳು. ಅಷ್ಟು ದುಬಾರಿ ನಿದ್ದೆ ಬೇಕಿತ್ತಾ ಎಂದು ಅವಳು ಒಮ್ಮೆ ಅಂದಾಗಿತ್ತೆಂದು ಕಾಣುತ್ತದೆ. ಈಗ ಅಂದದ್ದಕ್ಕೆ ಸಂಕಟಪಡುತ್ತಿದ್ದಳು.

"ಹೋಗ್ಲಿ ಬಿಡ್ರೀ. ಗಡಿಯಾರನೇ ಕೆಟ್ಟಿರ್ಬೇಕು," ಎಂದಳು.

"ಕೆಟ್ಟಿಲ್ಲ, ಓಡ್ತಾ ಇದೆ," ಎಂದ ಅಪ್ಪ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಅಲಾರಂ ಗುಂಡಿ ಎತ್ತಿದೀನಿ ಅಂದ್ಕೊಂಡೆ, ಎತ್ತಿರಲಿಲ್ವೋ ಏನೋ. ನನ್ನ ಕೈಯೇ ಕೆಟ್ಟೋಗಿದೆ ಕಣೇ. ಒಂದು ಅಲಾರಂ ಚೆಕ್ ಮಾಡೋಕಾಗದೋನು ಅಲ್ಲಿ ಹೋಗಿ ಏನು ಚೆಕ್ ಮಾಡ್ತಿದ್ದೆ? ಸಿಗದೇ ಇದ್ದಿದ್ದೇ ಒಳ್ಳೇದಾಯ್ತು."

ಕೆಲಸ ಹೋದದ್ದಕ್ಕಿಂತ ಈ ಮಾತು ಪೀಪಿಯನ್ನು ಹೆಚ್ಚು ಹೆದರಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಜೆ ಸೆಲ್ಲು ಬದಲಾಯಿಸಿಬಿಟ್ಟರೆ ಮುಗಿಯಿತು. ಅಪ್ಪ ಮಾತ್ರ ತನ್ನ ಕೈ ನೋಡಿಕೊಳ್ಳುತ್ತಲೇ ಇರುತ್ತಿದ್ದ.

ಅವಳು ಬ್ಯಾಗಿನಿಂದ ಟಾರ್ಚು ತೆಗೆದಳು. ಸೆಲ್ಲನ್ನು ಹೊರಗೆ ಜಾರಿಸಿ ಅಪ್ಪನ ಅಂಗೈಯಲ್ಲಿಟ್ಟಳು.

"ಇದು ಗಡಿಯಾರದ್ದು ಅಪ್ಪ. ಅದ್ರಲ್ಲಿ ಪೆನ್ಶನ್ ಸೆಲ್ಲು ಹಾಕಿದ್ದೆ. ನೀನು ಗುಂಡಿ ಎತ್ತಿದ್ದೆ. ನಾನು ನೋಡಿದೀನಿ."

ಅಮ್ಮನ ಕೈ ಮೇಲೆದ್ದಿತು. ಹಾಗೇ ಗಾಳಿಯಲ್ಲಿ ನಿಂತು ಕೆಳಗಿಳಿಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಅಪ್ಪ ಗಡಿಯಾರ ತೆಗೆದುಕೊಂಡು ಅಲಾರಂ ಮುಳ್ಳನ್ನು ಈಗಿನ ಹೊತ್ತಿಗೆ ತಿರುಗಿಸಿದ. ಗುಂಯ್ ಎಂದು ಸೊಳ್ಳೆಯ ಸದ್ದು ಬಂತು. ಬೆನ್ನು ತೆರೆದು ಸೆಲ್ಲು ಬದಲಾಯಿಸಿ ಮತ್ತೆ ತಿರುಗಿಸಿದ. ಟಾರ್ಚನ್ನು ದಿನವಿಡೀ ಉರಿಸಿದ್ದರೂ ಆ ಸೆಲ್ಲಿನಲ್ಲಿ ಇನ್ನೂ ಕಸುವಿತ್ತು. ಕಿರ್ರೋ ಎಂದು ಗಡಿಯಾರ ಹೊಡೆದುಕೊಂಡಿತು. ಅಪ್ಪ ಅದನ್ನು ನಿಲ್ಲಿಸಲಿಲ್ಲ. ತಾನಾಗಿಯೇ ದಣಿದು ನಿಲ್ಲುವವರೆಗೂ ಕಿವಿಗೊಟ್ಟು ಕೇಳಿದ.

ಆಮೇಲೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಬಹಳ ಹೊತ್ತು ಅಲ್ಲೇ ಕೂತಿದ್ದ. ಪೀಪಿಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಬೈದಿದ್ದರೆ, ಎರಡೇಟು ಹಾಕಿದ್ದರೆ ವಾಸಿಯಿತ್ತು ಎನಿಸಿತು.

ಕತ್ತಲಾದ ಮೇಲೆ ಅಪ್ಪ ಒಳಗೆ ಬಂದ. ಅವಳ ಕಡೆ ನೋಡದೆಯೇ ಕೇಳಿದ.

"ಎಷ್ಟು ಹೊತ್ತು ಉರೀತು?"

"ಮನೆಗೆ ಬಿಡೋವರೆಗೂ," ಎಂದಳು ಪೀಪಿ.

"ಲಾಟೀನ್ ಮಾಡಿಟ್ಟಿದ್ಯಾ?"

"ಹೂಂ, ಲಾಟೀನ್ ಮಾಡೇ."

ಅಪ್ಪ ತಲೆಯಾಡಿಸಿದ. ಟಾರ್ಚನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಸೊರಗಿದ ಸೆಲ್ಲನ್ನು ಅದಕ್ಕೇ ಹಾಕಿ ಕತ್ತು ಎಳೆದು ಹಚ್ಚಿದ. ಮಂಕಾದ ಹಳದಿ ಬೆಳಕು ಬಂತು, ಅವನ ಬೆರಳುಗಳಷ್ಟೇ ಕಾಣುವಷ್ಟು. ಟಾರ್ಚನ್ನು ಆರಿಸಿ, ಒಂದು ಕ್ಷಣ ಯೋಚಿಸಿ, ಮೇಜಿನ ಬಲಗಡೆ ಇಟ್ಟ.

ಮಲಗುವ ಮುಂಚೆ ಅಲಾರಂ ಮುಳ್ಳನ್ನು ಬೆಳಗಿನ ಅದೇ ಹೊತ್ತಿಗೆ ತಿರುಗಿಸಿದ. ಎಲ್ಲಿಗೆ ಎಂದು ಪೀಪಿ ಕೇಳಲಿಲ್ಲ.

ಬೆಳಿಗ್ಗೆ ಅಲಾರಂ ಹೊಡೆಯುವ ಮೊದಲೇ ಅವಳಿಗೆ ಎಚ್ಚರವಾಗಿತ್ತು. ಅಮ್ಮ ಬೇಕರಿಗೆ ಹೋಗಿಯಾಗಿತ್ತು. ಗಡಿಯಾರ ಕಿರ್ರೋ ಎಂದದ್ದೇ ಅಪ್ಪ ದಡಕ್ಕನೆ ಎದ್ದು ಕೂತ. ಹಿಡಿಯಬೇಕಾದ ಬಸ್ಸಿಲ್ಲ, ಇಂಟರ್‌ವ್ಯೂ ಇಲ್ಲ, ಹೋಗಬೇಕಾದ ಜಾಗ ಒಂದೂ ಇಲ್ಲ. ಅಪ್ಪ ಕೈ ಚಾಚಿ ಗುಂಡಿ ಒತ್ತಿದ.

"ಹೊಡೀತು," ಎಂದು ತನಗೆ ತಾನೇ ಮೆಲ್ಲಗೆ ಹೇಳಿಕೊಂಡ.

ಪೀಪಿ ಹೊದಿಕೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದಳು. ಎಷ್ಟೋ ಹೊತ್ತಿನ ಮೇಲೆ ಬೀದಿಯ ಕೊನೆಯಲ್ಲಿ ಮೊದಲ ಬಸ್ಸು ಹೊರಟ ಸದ್ದು ಕೇಳಿಸಿತು. ಅದು ದೂರವಾಗುವವರೆಗೂ ಅಪ್ಪ ಅಲುಗದೆ ಕೂತಿದ್ದ. ಅವಳೂ ಅಲುಗಲಿಲ್ಲ.