ಗಾಲಿ ನೋಡಮ್ಮ!

ಮೀಟರಿನಲ್ಲಿ ಹದಿನೇಳು. ಕನ್ನಡಿಯಲ್ಲಿ ಜೀಪು.

ಎರಡೂ ಒಳ್ಳೆಯ ಸುದ್ದಿಯಲ್ಲ!

ಶ್ರೀನಿವಾಸಪುರ ಬಿಟ್ಟು ಯಲ್ದೂರು ರೋಡು. ಬೆಳಿಗ್ಗೆ ಹತ್ತೂವರೆ. ನಾನು ಓಡಿಸುತ್ತಿರುವುದು ಮಾವಿನ ಮಂಡಿ ಕೋದಂಡರಾಮಪ್ಪನ ಟರ್ಬೊ ಕಾರು. ಹಿಂದೆ ಬರುತ್ತಿರುವವನು ಅವನ ಅಳಿಯ ನರೇಶ. ಹಾರ್ನ್ ಮೇಲಿಂದ ಕೈ ತೆಗೆಯುತ್ತಲೇ ಇಲ್ಲ.

ಆಕ್ಸಿಲರೇಟರ್ ತುಳಿದರೆ ತಪ್ಪಿಸಿಕೊಳ್ಳಬಹುದು. ತುಳಿಯುವ ಹಾಗಿಲ್ಲ! ಒಂದು ಪಾಲು ಪೆಟ್ರೋಲಿಗೆ ಗಾಳಿ ಹದಿನಾಲ್ಕೂವರೆ ಪಾಲಿನ ಆಸುಪಾಸು ಇರಬೇಕು. ಮೀಟರ್ ತೋರಿಸುವ ಹದಿನೇಳು ಅಂದರೆ ಪೆಟ್ರೋಲು ಸಾಲುತ್ತಿಲ್ಲ. ಹಾಗಿರುವಾಗ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಎಳೆದರೆ ಪಿಸ್ಟನ್ ಕರಗಿಹೋಗುತ್ತದೆ.

ಮೀಟರ್ ಹೇಳುವುದು ನಿಜವಾಗಿದ್ದರೆ...

ಬೆಳಿಗ್ಗೆ ಪ್ಲಗ್ ಬಿಚ್ಚಿ ನೋಡಿದ್ದೆ. ಕಾಡಿಗೆ ಬಳಿದಂತೆ ಕಪ್ಪು. ಪೆಟ್ರೋಲು ಜಾಸ್ತಿಯಾದರೆ ಮಾತ್ರ ಹಾಗಾಗುತ್ತದೆ. ನೀವೇ ಹೇಳಿ, ಯಾರನ್ನು ನಂಬಲಿ?

ನಾನು ಶ್ರುತಿ. ಕೋಲಾರದಲ್ಲಿ ಸ್ಕ್ಯಾನರ್ ಶ್ರುತಿ ಅಂದರೆ ಗೊತ್ತು. ಕೆಟ್ಟ ಗಾಡಿಗಳ ಬಾಯಿ ಬಿಡಿಸುವುದು ನನ್ನ ಕಸುಬು. ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಮುಳಬಾಗಿಲಿನ ಮೆಕ್ಯಾನಿಕ್ ಪೆದ್ದಪ್ಪಣ್ಣ. ಅವನನ್ನೇ ಈಗ ಮಂಡಿಯಲ್ಲಿ ಕೂಡಿಹಾಕಿದ್ದಾರೆ.

"ನನ್ನ ಒರಿಜಿನಲ್ ಟರ್ಬೊ ಬಿಚ್ಕೊಂಡು ಯಾವ್ದೋ ಡಬ್ಬಾ ಹಾಕವ್ನೆ!" ಕೋದಂಡರಾಮಪ್ಪ ಮೇಜು ಗುದ್ದಿದ್ದ. "ಹೋದ ತಿಂಗ್ಳು ಗಾಡಿ ಮುಟ್ದೋನು ಇವ್ನೊಬ್ನೇ. ಹನ್ನೆರಡು ಗಂಟೆವರ್ಗೂ ಟೈಮು ಕಣಮ್ಮ. ಇವ್ನಲ್ಲ ಅಂತ ತೋರ್ಸು. ಇಲ್ಲಾಂದ್ರೆ ಸ್ಪ್ಯಾನರ್ ಹಿಡಿಯೋ ಕೈ ಇರಲ್ಲ!"

ನಾನು ಕಾರು ಸ್ಟಾರ್ಟ್ ಮಾಡಿದಾಗ ಪೆದ್ದಪ್ಪಣ್ಣ ಕಿಟಕಿಯಿಂದ ಕೂಗಿದ್ದ. "ಗಾಲಿ ನೋಡಮ್ಮ! ಗಾಲಿ!" ಅಷ್ಟರಲ್ಲಿ ಯಾರೋ ಅವನ ಬಾಯಿ ಮುಚ್ಚಿದರು.

ಆ ಕೂಗು ನೆನಪಾದದ್ದೇ ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಮಾವಿನ ತೋಟದ ಮಣ್ಣು ದಾರಿ. ಜೀಪು ನೇರ ಮುಂದೆ ಹೋಯಿತು... ವಾಪಸ್ ಬರಲು ಹತ್ತು ನಿಮಿಷವಾದರೂ ಬೇಕು.

ಇಳಿದು ನಾಲ್ಕೂ ಗಾಲಿ ನೋಡಿದೆ. ನಟ್ಟು, ಬೇರಿಂಗು, ಬ್ರೇಕು. ಎಲ್ಲ ಸರಿ! ಪೆದ್ದಪ್ಪಣ್ಣನ ಮೇಲೆ ಸಿಟ್ಟು ಬಂತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ.

ಮರದಾಚೆ ತೋಟದ ಕದಿರಮ್ಮ ಬ್ಲೋವರ್ ಹೊತ್ತು ಮಾವಿಗೆ ಔಷಧಿ ಹೊಡೆಯುತ್ತಿದ್ದಳು. ನನ್ನನ್ನು ಕಂಡು ಕೂಗಿದಳು.

"ಗಾಲಿ ಇಟು ವಸ್ತಾ ಉಂದಿ! ಪಕ್ಕಕಿ ಪೋ ತಲ್ಲಿ!"

ಗಾಳಿ ನನ್ನ ಕಡೆ ಬೀಸುತ್ತಿದೆ, ಪಕ್ಕಕ್ಕೆ ಹೋಗು ಅಂತ.

ಗಾಲಿ...

ಥೂ, ನನ್ನ ಬುದ್ಧಿಗಿಷ್ಟು! ಗಾಬರಿಯಾದರೆ ಪೆದ್ದಪ್ಪಣ್ಣನ ಬಾಯಿಗೆ ಮನೆಮಾತು ತೆಲುಗೇ ಬರುವುದು. ತೆಲುಗಿನ ಗಾಲಿ ಚಕ್ರವಲ್ಲ. ಗಾಳಿ! ಎಲ್ಲೋ ಗಾಳಿ ಸೋರುವ ಸದ್ದು ಅವನ ಕಿವಿಗೆ ಬಿದ್ದಿತ್ತು.

"ಅಕ್ಕಾ, ಬ್ಲೋವರ್ ಕೊಡಿ. ಐದೇ ನಿಮಿಷ!"

"ಯಾಕಮ್ಮಾ, ಕಾರ್‌ಗೂ ಹುಳ ಬಿದ್ದೈತಾ?"

"ದೊಡ್ಡ ಹುಳಾನೇ ಬಿದ್ದೈತೆ ಅಕ್ಕಾ!"

ಅವಳು ಔಷಧಿ ನಿಲ್ಲಿಸಿ ಬರೀ ಗಾಳಿ ಬಿಟ್ಟಳು. ಎಂಜಿನ್ ಆಫ್. ಸೈಲೆನ್ಸರ್ ಬಾಯಿಗೆ ಬ್ಲೋವರ್ ಪೈಪು, ಸುತ್ತ ಒದ್ದೆ ಗೋಣಿಚೀಲ. ಡ್ಯಾಶ್‌ಬೋರ್ಡಿನ ಗಣೇಶನ ಮುಂದಿದ್ದ ಊದುಬತ್ತಿ ಹಚ್ಚಿ ಬಾನೆಟ್ ಒಳಗೆ ಹಿಡಿದೆ. ಹೊಗೆ ನೆಟ್ಟಗೆ ಏಳುತ್ತಿತ್ತು. ಟರ್ಬೊಗೆ ಸೈಲೆನ್ಸರ್ ಪೈಪು ಸೇರುವ ಜಾಯಿಂಟಿನ ಹತ್ತಿರ ಸರ್ರನೆ ಪಕ್ಕಕ್ಕೆ ಹಾರಿತು!

ನಾಲ್ಕು ಬೆರಳು ಕೆಳಗೇ, ಹೊಗೆಯಲ್ಲಿ ಗಾಳಿ ಎಷ್ಟಿದೆ ಅಂತ ಮೀಟರಿಗೆ ಹೇಳುವ ಸೆನ್ಸರ್. ಎಂಜಿನ್ ಓಡುವಾಗ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಗಾಳಿ ಜಾಸ್ತಿ ಅನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲು ಸುರಿಯುತ್ತದೆ.

ಮೀಟರೇ ಸುಳ್ಳುಗಾರ!

ಸಂದಿಯಲ್ಲಿ ಇಣುಕುತ್ತಿದ್ದದ್ದನ್ನು ಇಕ್ಕಳದಿಂದ ಎಳೆದೆ. ಸಂದಿ ಮುಚ್ಚುವ ತಗಡಿನ ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ರಟ್ಟು! ಮಾವಿನ ಬಾಕ್ಸ್ ಕತ್ತರಿಸಿ ಮಾಡಿದ್ದು. ಸುಡದೆ ಉಳಿದ ಅಂಚಿನಲ್ಲಿ ಹಳದಿ ಅಕ್ಷರ... 'ಕೋದಂ'.

ಜೀಪು ಬಂದು ನಿಂತಿತು. ನರೇಶ ಜಾಕ್ ರಾಡ್ ಹಿಡಿದು ಇಳಿದ.

"ಕೊಡೇ ಇಲ್ಲಿ."

"ಏನನ್ನ?"

"ಆ ರಟ್ಟನ್ನ!"

ನಾನಿನ್ನೂ ಮುಷ್ಟಿ ಬಿಚ್ಚಿರಲಿಲ್ಲ. ಒಳಗಿರುವುದು ರಟ್ಟು ಅಂತ ಇವನಿಗೆ ಹೇಗೆ ಗೊತ್ತು?

ಕದಿರಮ್ಮ ಸೈಲೆನ್ಸರಿನಿಂದ ಪೈಪು ಕಿತ್ತಳು. ಬ್ಲೋವರ್ ನೆಲಕ್ಕೆ ತಿರುಗಿಸಿದಳು. ಮಣ್ಣು ದಾರಿಯ ಧೂಳೆಲ್ಲ ಎದ್ದು ಅವನ ಕಣ್ಣಿಗೆ ನುಗ್ಗಿತು. ನಾನು ಕಾರಿಗೆ ಹಾರಿದೆ.

ಈಗ ತುಳಿದೆ! ಮೀಟರ್ ಹದಿನೆಂಟು ಅಂದಿತು. ಬೊಗಳಿಕೋ ಅಂದೆ. ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಕಾರಿತು. ಆದರೂ ಓಡಿತು.

ಮಂಡಿ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ. ಪೆದ್ದಪ್ಪಣ್ಣನ ಬಲಗೈ ಮೇಜಿನ ಮೇಲಿತ್ತು. ಪಕ್ಕದಲ್ಲಿ ತೂಕದ ಕಲ್ಲು.

ರಟ್ಟನ್ನು ಮೇಜಿನ ಮೇಲೆ ಎಸೆದೆ.

"ಟರ್ಬೊ ಬಿಚ್ಚಿದೋರು ಗ್ಯಾಸ್ಕೆಟ್ ಬದ್ಲು ಇದನ್ನ ತುರುಕವ್ರೆ. ಈ ಹಳದಿ ಅಕ್ಷರದ ಬಾಕ್ಸ್ ಯಾವತ್ತು ಬಂದಿದ್ದು ಸ್ವಾಮಿ?"

"ಈ ಸೋಮವಾರ..."

"ಪೆದ್ದಪ್ಪಣ್ಣ ಗಾಡಿ ಮುಟ್ಟಿದ್ದು ಹೋದ ತಿಂಗ್ಳು. ನಿಮ್ಮ ಗೋಡೌನ್ ಬೀಗದಕೈ ಯಾರತ್ರ ಐತೆ?"

ಕೋದಂಡರಾಮಪ್ಪನ ಕಣ್ಣು ಬಾಗಿಲಿಗೆ ಹೋಯಿತು. ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿಕೊಂಡು ನರೇಶ ನಿಂತಿದ್ದ.

"ಟರ್ಬೊ ಎಲ್ಲೋ?"

"ಮಾಲೂರಲ್ಲೈತೆ ಮಾವಾ..."

ಪೆದ್ದಪ್ಪಣ್ಣ ಮೆಲ್ಲಗೆ ಕೈ ಎಳೆದುಕೊಂಡ. "ಗಾಲಿ ಅಂದ್ನಲ್ಲಮ್ಮ, ಯಾಕಿಷ್ಟು ಹೊತ್ತು?"

"ಕನ್ನಡದ ಗಾಲಿ ನೋಡ್ತಾ ಕೂತಿದ್ದೆ ಅಣ್ಣ!"

ಕೋದಂಡರಾಮಪ್ಪ ಕುರ್ಚಿಯಲ್ಲಿ ಕುಸಿದ. "ಇದನ್ನ ರಿಪೇರಿ ಮಾಡಕ್ಕಾಯ್ತದೇನಮ್ಮ?"

"ಗಾಡಿ ಲೀಕಿಗೆ ಒಂದು ಗ್ಯಾಸ್ಕೆಟ್ ಸಾಕು ಸ್ವಾಮಿ. ಮನೆ ಲೀಕಿಗೆ ಆ ಸೈಜು ಎಲ್ಲೂ ಸಿಗಲ್ಲ!"