ಜಮೀನ್ದಾರಿಣಿಯ ಎರಡು ಕೈ

ಭಾನುವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡಮನೆಯ ಯಜಮಾನರೇ ಠಾಣೆಗೆ ಬಂದು ದೂರು ಕೊಟ್ಟರು. ಅವರ ಅಜ್ಜಿಯ ತೈಲಚಿತ್ರದಿಂದ ಯಾರೋ ಎರಡೂ ಕೈಗಳನ್ನು ಕತ್ತರಿಸಿ ಒಯ್ದಿದ್ದರು. ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ದೊಡ್ಡಮನೆಯ ಹಜಾರದಲ್ಲಿ ಇನ್‌ಸ್ಪೆಕ್ಟರ್ ಪಂಚನಾಮೆ ಹೇಳುತ್ತಿದ್ದರು, ಮಹಿಳಾ ಪೇದೆ ಬರೆದುಕೊಳ್ಳುತ್ತಿದ್ದಳು. ಆಳೆತ್ತರದ ಚಿತ್ರ. ನೋಡುವವರು ತಲೆಯೆತ್ತಲೇಬೇಕು ಎಂಬಂತೆ ಕುರ್ಚಿಯಲ್ಲಿ ಕುಳಿತ ಜಮೀನ್ದಾರಿಣಿ. ಮಡಿಲಿದ್ದಲ್ಲಿ ಊಟದ ತಟ್ಟೆಯಗಲದ ತೂತು. ಚಿನ್ನದ ರೇಕಿನ ಚೌಕಟ್ಟು ಹಾಗೇ ಇದೆ. ಬೀಗ ಮುರಿದಿಲ್ಲ.

"ಬಾಳೆಹಣ್ಣು ಬಿಟ್ಟು ಸಿಪ್ಪೆ ಕದ್ದಿದ್ದಾನೆ," ಎಂದರು ಇನ್‌ಸ್ಪೆಕ್ಟರ್.

ಪೇದೆ ನಗಲಿಲ್ಲ. ಬಾಯಿ ಬಿಡುವ ಮೊದಲು ಮೂರು ಸಲ ಯೋಚಿಸುವವಳು ಅವಳು. ತೂತಿನ ಅಂಚಿನಲ್ಲಿ ಮಣಿಕಟ್ಟಿನ ಚೂರೊಂದು ಉಳಿದಿತ್ತು. ಮುಖ ಹಾಲಿನಂತೆ, ಮಣಿಕಟ್ಟು ಸುಟ್ಟ ಇಟ್ಟಿಗೆಯಂತೆ.

"ಸರ್, ಮುಖದ ಬಣ್ಣ ಬೇರೆ, ಕೈ ಬಣ್ಣ ಬೇರೆ."

ಯಜಮಾನರು ಸಪ್ಪಗಾದರು. "ಅಜ್ಜಿ ಮುಖಕ್ಕೆ ಮಾತ್ರ ಕೂತಿದ್ರಂತೆ. ದಿನಗಟ್ಟಲೆ ಕೂರೋಕೆ ದೊಡ್ಡವರಿಗೆ ಪುರುಸೊತ್ತೆಲ್ಲಿ? ಉಳಿದದ್ದಕ್ಕೆ ಬಟ್ಟೆ ಒಗೆಯೋಳಿಗೆ ರೇಷ್ಮೆ ಉಡಿಸಿ, ಒಡವೆ ಹಾಕಿ ಕೂರಿಸಿದ್ರು. ಆ ಕಾಲದ ಚಿತ್ರಗಾರ, ಪುಣ್ಯಾತ್ಮ, ಕಂಡದ್ದನ್ನ ಕಂಡ ಹಾಗೇ ಬರೆದುಬಿಟ್ಟ. ಹಳೇ ವಾರ್ನಿಶ್ ಮಸುಕಲ್ಲಿ ಗೊತ್ತಾಗ್ತಿರಲಿಲ್ಲ. ಈಗ ತೊಳೆಸಿದ ಮೇಲೆ ನೆಂಟರೆಲ್ಲ ನಕ್ಕರು."

"ಅದಕ್ಕೆ?"

"ನಾಳೆ ಚಿತ್ರಗಾರ ಬಂದು ಕೈ ಬೆಳ್ಳಗೆ ಮಾಡೋನಿದ್ದ."

"ಇದು ಯಾರಿಗೆಲ್ಲ ಗೊತ್ತಿತ್ತು?" ಪೇದೆ ಮೆಲ್ಲಗೆ ಕೇಳಿದಳು.

"ಮನೆಯೋರಿಗೆ. ಇಸ್ತ್ರಿಯೋಳೂ ಅಲ್ಲೇ ಇದ್ದಳು." ಯಜಮಾನರು ಹಿತ್ತಲ ಕಡೆ ತಿರುಗಿದರು. "ಆ ಒಗೆಯೋಳ ಮಗಳೇ ಅವಳು."

ಇಸ್ತ್ರಿ ಕೋಣೆ ಹಿತ್ತಲಲ್ಲಿತ್ತು. ಅರವತ್ತು ದಾಟಿದ ಹೆಂಗಸು, ಅವರನ್ನು ಕಂಡು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. ಮೊಳೆಗೆ ತೂಗುಹಾಕಿದ್ದ ಕತ್ತರಿಯನ್ನು ಇನ್‌ಸ್ಪೆಕ್ಟರ್ ಬಿಡಿಸಿ ನೋಡಿದರು. ಸಂದಿಯಲ್ಲಿ ಒಣಬಣ್ಣದ ಹುಡಿ. ಪೇದೆ ಬಟ್ಟೆಯ ರಾಶಿಗೆ ಕೈ ಹಾಕಿದಳು.

"ಮಡಿಸಿದ್ದನ್ನೆಲ್ಲ ಯಾಕೆ ಕೆದಕ್ತೀಯ? ತಡಿ," ಎಂದು ಮುದುಕಿ ತಾನೇ ಹೊದಿಕೆಯ ಮಡಿಕೆಯೊಳಗಿಂದ ಆ ತುಂಡನ್ನು ತೆಗೆದಳು. ಒಂದರ ಮೇಲೊಂದು ಇಟ್ಟ ಎರಡು ಕೈ. ಬೆರಳ ತುಂಬ ಉಂಗುರ, ಸೋಪಿನ ನೀರಿಗೆ ಒಡೆದ ಗೆಣ್ಣು.

"ನಿಮ್ಮಮ್ಮಂದು ಬೇರೆ ಚಿತ್ರ ಇಲ್ವಾ?" ಎಂದಳು ಪೇದೆ.

"ನಮ್ಮಂಥೋರನ್ನ ಯಾರು ಬರೀತಾರೆ ತಾಯಿ? ಉಳಿದಿದ್ದು ಇಷ್ಟೇ. ಧೂಳು ಹೊಡೆಯೋ ನೆಪದಲ್ಲಿ ದಿನಾ ನೋಡ್ತಿದ್ದೆ. ಅದನ್ನೂ ಬಳಿದುಬಿಡ್ತೀವಿ ಅಂದ್ರು."

"ಕೈ ನಿಮ್ಮಮ್ಮಂದಾದ್ರೂ ಚಿತ್ರ ಅವರದಮ್ಮ," ಎಂದರು ಇನ್‌ಸ್ಪೆಕ್ಟರ್. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಮಧ್ಯಾಹ್ನ ಬಂಧನ ದಾಖಲಾಯಿತು. ಠಾಣೆಯಲ್ಲಿ ಪೇದೆ ಆ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದಳು. ಮುದುಕಿ ಬೆಂಚಿನಿಂದಲೇ ನೋಡುತ್ತಿದ್ದಳು.

"ಇನ್ನು ಅದಕ್ಕೆ ಬಣ್ಣ ಬಳೀತಾರಾ?"

"ಕೇಸು ಮುಗಿಯೋವರೆಗೆ ಯಾರೂ ಮುಟ್ಟೋ ಹಾಗಿಲ್ಲ."

ಮುದುಕಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಹಾಗಾದ್ರೆ ನಿಧಾನಕ್ಕೆ ನಡೀಲಿ ಬಿಡು."