ಸಡಿಲಿಸದ ತಂತಿ

ಕುಂದಗಿರಿಯ ಕೋಟೆಬಾಗಿಲುಗಳಿಗೆ ಅಂದು ಮಾವಿನ ತೋರಣ, ಪಟ್ಟದಾನೆಯ ಹಣೆಗೆ ಸಿಂದೂರ, ರಾಜಬೀದಿಯ ಮನೆಮನೆಯ ಮುಂದೆ ರಂಗವಲ್ಲಿ. ಇಷ್ಟೆಲ್ಲ ಸಂಭ್ರಮವಿದ್ದರೂ ಪುರಜನರ ಮುಖದಲ್ಲಿ ಕಳೆಯೇ ಇರಲಿಲ್ಲ, ಇರುವುದಾದರೂ ಹೇಗೆ? ಅವರ ಪ್ರಿಯ ಅರಸ ಕೇತಭೂಪಾಲನು ಜ್ವರದಿಂದ ಕಾಲವಾದನೆಂದು ಡಂಗುರ ಸಾರಿ ಇನ್ನೂ ಹದಿಮೂರು ದಿನ. ಆಗಲೇ ದಂಡನಾಯಕ ಬೊಪ್ಪರಸನು ಸಿಂಹಾಸನವೇರಲು ಸಿದ್ಧನಾಗಿ ನಿಂತಿದ್ದನು.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ಪಟ್ಟವೇರುವವನು ಪ್ರತಿಜ್ಞೆ ನುಡಿಯುವಾಗ ಜೋಗಿಯೊಬ್ಬನು ತನ್ನ ಕಿನ್ನರಿಯ ಮೊದಲ ತಂತಿಯನ್ನು ಅವನ ಕಂಠದ ಶ್ರುತಿಗೆ ಕೂಡಿಸಬೇಕು. ಆ ನಾದ ಕೇಳಿದ ಮೇಲೆಯೇ ಸಾಮಂತರು ಆಣೆಯಿಡಬೇಕು. ಅರಸನು ಮಡಿದಾಗ ಶವದ ಮುಂದೆ ಕುಳಿತು ಅದೇ ತಂತಿಯನ್ನು ಸಡಿಲಿಸಬೇಕು. ಎರಡನೆಯ ತಂತಿ ಜೋಗಿಯ ದನಿಗೆ, ಮೂರನೆಯದು ಅವನೊಡನೆ ಹಾಡುವ ಮಗನ ದನಿಗೆ. ಬಿದಿರು, ಸೋರೆಬುರುಡೆಗಳ ಬಡ ವಾದ್ಯವೆಂದು ಆಸ್ಥಾನದ ವೈಣಿಕರು ಮೂಗು ಮುರಿಯುತ್ತಿದ್ದರು, ಮುರಿಯಲಿ ಬಿಡಿ.

ವೃದ್ಧ ಜೋಗಿ ಸಿದ್ಧಮಲ್ಲನಿಗೆ ಈ ಸಲ ಯಾರೂ ಶವವನ್ನೇ ತೋರಿಸಿರಲಿಲ್ಲ. ಊರ ಹಿಂದಿನ ಗುಡ್ಡದ ಸೆರೆಮನೆಯ ಬಳಿ ಭಿಕ್ಷೆಗೆ ಹೋಗಿದ್ದ ಅವನ ಮಗ ಜಕ್ಕ, ಅರಸನನ್ನು ಜೀವಂತವಾಗಿ ಕಂಡು ಬಂದು ತಂದೆಗೆ ತಿಳಿಸಿದ್ದನು. ಆ ತಪ್ಪಿಗೆ ಅವನೂ ಈಗ ಅಲ್ಲಿಯೇ ಸೆರೆಯಾಗಿದ್ದನು.

ಸಭೆಗೆ ಮುನ್ನ ಬೊಪ್ಪರಸನು ಜೋಗಿಯನ್ನು ಒಳಗೆ ಕರೆಸಿದನು. “ಜೋಗಿ, ಇಂದು ಕಿನ್ನರಿ ನಮ್ಮ ದನಿಗೆ ಕೂಡಲಿ. ಎಡವಟ್ಟು ಮಾಡಿದೆಯೋ, ಕಹಳೆ ಊದಿಸುತ್ತೇನೆ. ಅದು ಕೇಳಿದೊಡನೆ ಗುಡ್ಡದಲ್ಲಿ ಮೊದಲು ಉರುಳುವುದು ನಿನ್ನ ಮಗನ ತಲೆ.”

“ನನಗಿರುವವನು ಅವನೊಬ್ಬನೇ, ಪ್ರಭು,” ಎಂದು ಮುದುಕ ಕೈಮುಗಿದನು.

ತುಂಬಿದ ಸಭೆಯಲ್ಲಿ ಬೊಪ್ಪರಸನ ಗಡಸು ದನಿ ಪ್ರತಿಜ್ಞೆ ನುಡಿಯಿತು. ಸಿದ್ಧಮಲ್ಲನು ಮೊದಲ ತಂತಿಯನ್ನು ಬಿಗಿಯುವ ಬಿರಡೆಗೆ ಕೈಯಿಟ್ಟನು. ಒಂದು ಸುತ್ತು ತಿರುಗಿಸಿದರೆ ಮಗ ಮನೆಗೆ ಬರುತ್ತಾನೆ. ಅವನು ತಿರುಗಿಸಲಿಲ್ಲ, ತಂತಿಯನ್ನು ಇದ್ದ ಹಾಗೆಯೇ ಮೀಟಿದನು.

ಕೇತಭೂಪಾಲನ ದನಿಗೆ ಕೂಡಿಸಿದ್ದ ತೆಳುವಾದ, ಎತ್ತರದ ನಾದ ಸಭೆಯನ್ನೆಲ್ಲ ತುಂಬಿತು. ಶ್ರುತಿಯ ಗಂಧವೇ ಇಲ್ಲದ ಬೊಪ್ಪರಸನು ಇನ್ನೂ ಮುಗುಳ್ನಗುತ್ತಲೇ ಇದ್ದನು. ಆದರೆ ಹಿರಿಯ ಸಾಮಂತ ಮಾಚರಸನು ಎದ್ದು ನಿಂತನು.

“ದಂಡನಾಯಕರೇ, ನಾವು ಆಣೆಯಿಟ್ಟದ್ದು ಈ ನಾದಕ್ಕೆ. ತಂತಿಯನ್ನು ಸಡಿಲಿಸಿಲ್ಲ. ಹಾಗಾದರೆ ನಮ್ಮ ಪ್ರಭುಗಳೆಲ್ಲಿ?”

ಸಿದ್ಧಮಲ್ಲನು ಗುಡ್ಡದ ಕಡೆಗೆ ಕೈ ತೋರಿಸಿದನು. ಸಾಮಂತರು ಕುದುರೆಗಳತ್ತ ಓಡಿದರು. ಬೊಪ್ಪರಸನು ಅರಚಿದನು, ಕಹಳೆ ಮೊಳಗಿತು. ಜೀವಮಾನವಿಡೀ ನಾದವನ್ನೇ ನಂಬಿ ಬಾಳಿದ್ದ ಮುದುಕ ಎರಡೂ ಕಿವಿಗಳನ್ನು ಮುಚ್ಚಿಕೊಂಡು ನೆಲಕ್ಕೆ ಕುಸಿದನು.

ಸಾಮಂತರು ಸೆರೆ ಬಿಡಿಸಿದ ಅರಸನು ಸಂಜೆಗೆ ಮರಳಿದನು. ಬೊಪ್ಪರಸನ ಕೈಗೆ ಸಂಕೋಲೆ ಬಿದ್ದಿತ್ತು. ಆದರೆ ಅರಸನು ಸಿಂಹಾಸನದ ಕಡೆ ನೋಡದೆ, ಜಕ್ಕನ ಶವವನ್ನು ಹೊತ್ತವರೊಡನೆ ನಡೆದು ಬಂದು ಜೋಗಿಯ ಪಾದ ಹಿಡಿದನು.

“ಅಜ್ಜ, ಕಹಳೆ ಕೇಳಿದಾಗ ನಿನ್ನ ಮಗ ಏನೆಂದ ಗೊತ್ತೇ? ‘ಅಪ್ಪ ತಂತಿ ಸಡಿಲಿಸಲಿಲ್ಲ’ ಎಂದು ನಕ್ಕನು.”

ಸಿದ್ಧಮಲ್ಲನು ಮಗನ ಮುಂದೆ ಕುಳಿತು ಕಿನ್ನರಿಯನ್ನು ತೊಡೆಯ ಮೇಲಿಟ್ಟುಕೊಂಡನು. ಮೂರನೆಯ ತಂತಿಯ ಬಿರಡೆಯನ್ನು ಹಿಡಿದನು, ಬಿಟ್ಟನು, ಮತ್ತೆ ಹಿಡಿದನು.

“ಕೈ ಬರುತ್ತಿಲ್ಲ, ಪ್ರಭು. ಸ್ವಲ್ಪ ಹಿಡಿದುಕೊಳ್ಳಿ.”

ಅರಸನು ಆ ಮುದಿಗೈಯ ಮೇಲೆ ತನ್ನ ಕೈಯಿಟ್ಟನು. ಇಬ್ಬರೂ ಕೂಡಿ ಬಿರಡೆ ತಿರುಗಿಸಿದರು.